ಅಪ್ಪನ ಟ್ರಂಕಿನಲ್ಲಿ ಸಿಕ್ಕಿದ ಇಂಗ್ಲೆಂಡಿನ ಕಡಲೂರುಗಳ ಕಾರ್ಡು: ಈ ಊರುಗಳು ಈಗ ಇವೆಯಾ?

ಮೊಗವೀರಪಟ್ಣದವ ಬರೆದದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನನ್ನ ಅಪ್ಪ ಶಿಪ್ಪಿನಲ್ಲಿದ್ದರು. ಭಂಡಾರಿ ಕೆಲಸ, ಅಂದರೆ ಅಡುಗೆ. 1961ರಲ್ಲಿ ಬೊಂಬಾಯಿಗೆ ಹೋಗಿ ಹಡಗು ಹತ್ತಿದವರು 1978ರಲ್ಲಿ ಬಿಟ್ಟು ಊರಿಗೆ ಬಂದರು. ಹೋದ ವರ್ಷ ತೀರಿಕೊಂಡರು. ಈ ಮಳೆಗಾಲ ಅವರ ಟ್ರಂಕಿಗೆ ಒರಲೆ ಹಿಡಿದಿದೆ ಅಂತ ಅಮ್ಮ ಹೇಳಿದ್ದಕ್ಕೆ ಎಲ್ಲ ಹೊರಗೆ ತೆಗೆದೆ. ತಳದಲ್ಲಿ ಒಂದು ಬಿಸ್ಕೆಟ್ ಡಬ್ಬಿ. ಒಳಗೆ 23 ಪಿಕ್ಚರ್ ಪೋಸ್ಟ್‌ಕಾರ್ಡು. ಎಲ್ಲ ಇಂಗ್ಲೆಂಡಿನವು, ಒಂದೂ ಬಿಡದೆ ಕಡಲ ಬದಿಯ ಊರುಗಳು. ಲಂಡನ್ನಿನ ಸೇತುವೆ ಇಲ್ಲ, ರಾಣಿಯ ಅರಮನೆ ಇಲ್ಲ. ಅಪ್ಪ ಹಲ್, ಟಿಲ್‌ಬರಿ ಬಂದರುಗಳ ಹೆಸರು ಹೇಳುತ್ತಿದ್ದದ್ದು ನೆನಪಿದೆ. ರಜೆ ಸಿಕ್ಕಿದ ದಿನ ಹತ್ತಿರದ ಕಡಲೂರಿಗೆ ಹೋಗಿ ಬರುತ್ತಿದ್ದರು ಅಂತ ಈಗ ಗೊತ್ತಾಗುತ್ತಿದೆ. ತಿಂಗಳುಗಟ್ಟಲೆ ಕಡಲಲ್ಲೇ ಇದ್ದವರು ರಜೆಯಲ್ಲೂ ಕಡಲು ನೋಡಲು ಯಾಕೆ ಹೋದರು ಅಂತ ಕೇಳುವುದಕ್ಕೆ ಈಗ ಅವರಿಲ್ಲ.

ಕೆಲವು ಕಾರ್ಡು ಹೇಳುತ್ತೇನೆ. ಒಂದರಲ್ಲಿ ಬಿಳಿ ದೀಪಸ್ತಂಭ. ಆದರೆ ಕಡಲ ದಂಡೆಯಲ್ಲಿ ಅಲ್ಲ, ಊರಿನ ಮಧ್ಯೆ, ಸುತ್ತಲೂ ಮನೆ, ಎದುರಿಗೆ ರಸ್ತೆ. ವಿದರ್ನ್‌ಸೀ ಅಂತ ಹೆಸರು. ನಮ್ಮ ಮಂಗಳೂರಿನ ಬಾವುಟಗುಡ್ಡೆಯ ಲೈಟ್‌ಹೌಸ್ ನೆನಪಾಯಿತು. ಇನ್ನೊಂದರಲ್ಲಿ ಸೀಮೆಸುಣ್ಣದಂಥ ಬಿಳಿ ದರೆ, ಅದರ ತುದಿಯಲ್ಲಿ ಸಾಲು ಮನೆ, ಬರ್ಲಿಂಗ್ ಗ್ಯಾಪ್ ಅಂತೆ. ಸಾಲ್ಟ್‌ಬರ್ನ್ ಅನ್ನುವ ಊರಿನದ್ದರಲ್ಲಿ ಗುಡ್ಡದ ಮೇಲಿಂದ ದಂಡೆಗೆ ಇಳಿಯುವ ಎರಡು ಗಾಡಿ. ರಾಬಿನ್ ಹುಡ್ಸ್ ಬೇ ಕಾರ್ಡಿನಲ್ಲಿ ಕೆಂಪು ಹಂಚಿನ ಮನೆಗಳು ಒಂದರ ಹೆಗಲ ಮೇಲೊಂದು ಕೂತ ಹಾಗೆ. ಹಂಚು ನೋಡಿ ನಮ್ಮದೇ ಊರು ಅನಿಸಿತು. ಮತ್ತೆ ಒಂದು ತುಂಬ ಹಳೆಯದು, ಕಂದು ಬಣ್ಣದ್ದು, ಅಪ್ಪ ಹಳೇ ಸಾಮಾನಿನ ಅಂಗಡಿಯಲ್ಲಿ ತೆಗೆದುಕೊಂಡಿರಬೇಕು. ಅದರಲ್ಲಿ ಒಂದು ಇಗರ್ಜಿ ದರೆಯ ಅಂಚಿನಲ್ಲಿ ಅರ್ಧ ಮುರಿದು ನಿಂತಿದೆ. ಕೆಳಗೆ ಡನಿಚ್ ಅಂತ ಬರೆದಿದೆ. ಆ ಕಾರ್ಡು ನೋಡಿದ ಮೇಲೆ ಎರಡು ದಿನ ಅದೇ ಕಣ್ಣಮುಂದೆ.

ನನ್ನ ಪ್ರಶ್ನೆ ಇಷ್ಟು. ಈ ಊರುಗಳು ಈಗಲೂ ಹೀಗೇ ಇವೆಯಾ? ದರೆಯ ತುದಿಯಲ್ಲಿ ಅವರು ಮನೆ ಯಾಕೆ ಕಟ್ಟಿದರು? ಮತ್ತೆ ಈ ಕಾರ್ಡುಗಳನ್ನು ನಮ್ಮ ಈ ತೇವದ ಹವೆಯಲ್ಲಿ ಹಾಳಾಗದ ಹಾಗೆ ಇಡುವುದು ಹೇಗೆ? ಯಾರಾದರೂ ಆ ಕಡೆ ಇದ್ದವರು, ಹೋಗಿ ಬಂದವರು ಇದ್ದರೆ ಹೇಳಿ.

ಬೆಂದೂರಿನ ಅಕ್ಕ ಬರೆದದ್ದು:

ವಿದರ್ನ್‌ಸೀ ಹೆಸರು ನೋಡಿ ಮೈ ಜುಮ್ ಅಂತು. ನಾನು 2002ರಿಂದ 2011ರವರೆಗೆ ಹಲ್ ನಗರದ ಒಂದು ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ನಿಮ್ಮ ಅಪ್ಪ ಇಳಿಯುತ್ತಿದ್ದ ಅದೇ ಹಲ್. ಅಲ್ಲಿಂದ ವಿದರ್ನ್‌ಸೀಗೆ ಬಸ್ಸಿನಲ್ಲಿ ಒಂದು ಗಂಟೆ ಚಿಲ್ಲರೆ. ಆ ದೀಪಸ್ತಂಭ ಈಗಲೂ ಇದೆ. ಹಾಗೇ ಇದೆ. 127 ಅಡಿ ಎತ್ತರ, 1894ರಲ್ಲಿ ಬೆಳಗಲು ಶುರು ಮಾಡಿತು, 1976ರಲ್ಲಿ ದೀಪ ನಿಲ್ಲಿಸಿದರು, ಆಮೇಲೆ ಮ್ಯೂಸಿಯಂ ಮಾಡಿದರು. ನಾನಿದ್ದಾಗ ಮೆಟ್ಟಿಲು ಹತ್ತಿ ಮೇಲೆ ಹೋಗಬಹುದಿತ್ತು. ಬಟ್ಟೆ ಒಣಗಿಸಿದ ಹಿತ್ತಿಲುಗಳ ಮಧ್ಯೆ ದೀಪಸ್ತಂಭ, ನೋಡಲು ವಿಚಿತ್ರ. ಅಲ್ಲೇ ದಂಡೆಯಲ್ಲಿ ಕೋಟೆ ಬಾಗಿಲಿನಂತೆ ಎರಡು ಬುರುಜು ನಿಂತಿವೆ. ಕೋಟೆ ಅಲ್ಲ ಅದು. 1877ರಲ್ಲಿ ಕಡಲೊಳಗೆ ಉದ್ದಕ್ಕೆ ಕಟ್ಟಿದ, ನಡೆದು ಹೋಗುವ ಸೇತುವೆಯಂಥ ಪಿಯರ್‌ನ ಬಾಗಿಲು. ತೂಫಾನಿಗೆ ಹಡಗುಗಳು ಮತ್ತೆ ಮತ್ತೆ ಬಂದು ಬಡಿದು ಪಿಯರ್ ಪೂರಾ ಹೋಯಿತು, ಬಾಗಿಲು ಮಾತ್ರ ಉಳಿಯಿತು. ನಿಮ್ಮ 23 ಕಾರ್ಡಿನಲ್ಲಿ ಅದೂ ಇರಬಹುದು, ಹುಡುಕಿ.

ನಮ್ಮ ವಾರ್ಡಿನಲ್ಲಿ ವಯಸ್ಸಾದವರೇ ಜಾಸ್ತಿ. ರಾತ್ರಿ ಪಾಳಿಯಲ್ಲಿ ನಿದ್ದೆ ಬಾರದವರು ಮಾತಾಡಲು ಕರೆಯುತ್ತಿದ್ದರು. ಎಲ್ಲರಿಗೂ ಒಂದೇ ಕಥೆ, ಕಡಲೂರಿನ ರಜೆ. ಹಲ್‌ನಿಂದ ವಿದರ್ನ್‌ಸೀಗೂ ಹಾರ್ನ್‌ಸೀಗೂ ಆಗ ರೈಲಿತ್ತು, 1964ರಲ್ಲಿ ನಿಲ್ಲಿಸಿಬಿಟ್ಟರು. ತಗಡಿನ ಬಕೆಟ್ಟು, ಮರದ ಹಿಡಿಯ ಸಣ್ಣ ಸಲಿಕೆ ಹಿಡಿದು ರೈಲು ಹತ್ತಿದ್ದು, ದಂಡೆಯಲ್ಲಿ ಕತ್ತೆ ಸವಾರಿ, ಗಾಳಿಗೆ ಹಾರುವ ಕ್ಯಾನ್ವಾಸ್ ಕುರ್ಚಿ, ಒಳಗೆಲ್ಲ ಊರಿನ ಹೆಸರು ಬರೆದಿರುವ ಉದ್ದದ ಸಕ್ಕರೆ ಮಿಠಾಯಿ, ವಿನೆಗರ್ ಹಾಕಿದ ಮೀನು ಮತ್ತು ಬಟಾಟೆ ಕಾಗದದಲ್ಲಿ ಸುತ್ತಿ ಕೊಡುವುದು. ಮಿಠಾಯಿ ಎಷ್ಟು ನೆಕ್ಕಿದರೂ ಊರಿನ ಹೆಸರು ಹೋಗುವುದಿಲ್ಲ ಅಂತ ಒಬ್ಬ ಅಜ್ಜ ಹೇಳಿದ್ದರು. ಲ್ಯಾಂಕಾಶೈರಿನ ಬಟ್ಟೆ ಮಿಲ್ಲಿನಲ್ಲಿ ದುಡಿದ ಒಬ್ಬ ಅಜ್ಜಿ ಇದ್ದರು. ಅವರ ಕಡೆ ಬೇಸಿಗೆಯಲ್ಲಿ ಒಂದು ವಾರ ಊರಿನ ಮಿಲ್ಲುಗಳೆಲ್ಲ ಒಟ್ಟಿಗೆ ಮುಚ್ಚುತ್ತಿದ್ದವು, ಇಡೀ ಊರೇ ರೈಲು ಹತ್ತಿ ಬ್ಲ್ಯಾಕ್‌ಪೂಲಿಗೆ. ಪಕ್ಕದ ಮನೆಯವರೇ ಅಲ್ಲೂ ಪಕ್ಕದ ಕೋಣೆಯಲ್ಲಿ. ಅವರಮ್ಮನ ಕಾಲದಲ್ಲಿ ಆ ರಜೆಗೆ ಸಂಬಳ ಇರಲಿಲ್ಲ, ವರ್ಷವಿಡೀ ಕೂಡಿಟ್ಟು ಹೋಗಬೇಕಿತ್ತು. ಸಂಬಳದ ರಜೆಗೆ ಕಾನೂನು ಬಂದದ್ದು 1938ರಲ್ಲಿ.

ಈಗ ಊರುಗಳು ಇವೆಯಾ ಅಂತ ಕೇಳಿದಿರಿ. ಇವೆ, ಆದರೆ ಅದೇ ಜಾಗದಲ್ಲಿ ಅಂತ ಹೇಳಲಾರೆ. ವಿದರ್ನ್‌ಸೀ ಇರುವ ಹೋಲ್ಡರ್‌ನೆಸ್ ಕರಾವಳಿ ಯುರೋಪಿನಲ್ಲೇ ತುಂಬ ಬೇಗ ಸವೆಯುವ ದಂಡೆಗಳಲ್ಲಿ ಒಂದು. ವರ್ಷಕ್ಕೆ ಸರಾಸರಿ 1.5ರಿಂದ 2 ಮೀಟರ್ ಹೋಗುತ್ತದೆ. ಕಲ್ಲಲ್ಲ ಅದು, ಹಿಮಯುಗದಲ್ಲಿ ಹಿಮ ತಂದು ಸುರಿದ ಜೇಡಿಮಣ್ಣು. ಮೇಲಿಂದ ಮಳೆ ನೀರು ಇಂಗುತ್ತದೆ, ಕೆಳಗಿಂದ ಅಲೆ ಬುಡ ತಿನ್ನುತ್ತದೆ, ಮಳೆಗಾಲದಲ್ಲಿ ನಮ್ಮಲ್ಲಿ ಬರೆ ಜರಿಯುತ್ತದಲ್ಲ, ಹಾಗೇ. ಸ್ಕಿಪ್‌ಸೀ ಅನ್ನುವಲ್ಲಿ ರಸ್ತೆ ನಡೆಯುತ್ತಾ ನಡೆಯುತ್ತಾ ಗಾಳಿಯಲ್ಲಿ ನಿಂತುಬಿಡುತ್ತದೆ. ಡಾಂಬರು ಮುರಿದು ಕೆಳಗೆ ಕಡಲು. ನಾನು ಮೊದಲ ವರ್ಷ ಹೋದಾಗ ಕೂತ ಬೆಂಚು ಮೂರನೆಯ ವರ್ಷ ಇರಲಿಲ್ಲ.

ಸ್ಕಾರ್‌ಬರೋದಲ್ಲಿ ನಾನು ಹೋಗುವ ಮೊದಲೇ, 1993ರ ಜೂನ್‌ನಲ್ಲಿ, ಹೋಲ್ಬೆಕ್ ಹಾಲ್ ಅನ್ನುವ ದೊಡ್ಡ ಹೋಟೆಲ್ ದರೆ ಜರಿದು ಕೆಳಗೆ ಹೋಯಿತು. ಬೆಳಿಗ್ಗೆ ಎದ್ದವರಿಗೆ ಹುಲ್ಲುಹಾಸು ಕಾಣಲಿಲ್ಲ. ಎಲ್ಲರನ್ನೂ ಹೊರಗೆ ಕಳಿಸಿದರು, ಆಮೇಲೆ ಕಟ್ಟಡ ಸ್ವಲ್ಪ ಸ್ವಲ್ಪವೇ ಬಿದ್ದದ್ದನ್ನು ಇಡೀ ದೇಶ ಟಿವಿಯಲ್ಲಿ ನೋಡಿತು. ನನ್ನ ಜೊತೆ ಕೆಲಸ ಮಾಡುತ್ತಿದ್ದವಳ ಮದುವೆ ಊಟ ಅಲ್ಲಿ ಆಗಿತ್ತಂತೆ. ಅವಳ ಆಲ್ಬಮ್ಮಿನಲ್ಲಿ ಆ ಹುಲ್ಲುಹಾಸು ಇತ್ತು.

ರಾಬಿನ್ ಹುಡ್ಸ್ ಬೇ ಮಾತ್ರ ನಿಮ್ಮ ಕಾರ್ಡಿನಲ್ಲಿ ಇರುವ ಹಾಗೇ ಇದೆ. ಅದಕ್ಕೆ 1975ರಲ್ಲಿ ದೊಡ್ಡ ಕಡಲ ಗೋಡೆ ಕಟ್ಟಿದ್ದಾರೆ. ಅದಕ್ಕೂ ಮುಂಚೆ, 1780ರಲ್ಲಿ, ಒಂದು ಬೀದಿಯೇ ಮನೆಗಳ ಸಮೇತ ಕಡಲಿಗೆ ಬಿದ್ದಿತ್ತು. ಆ ಇಳಿಜಾರಿನ ಓಣಿಗಳಲ್ಲಿ ನಡೆದರೆ ಮಂಗಳೂರು ಹಂಚಿನ ಮನೆಗಳ ನೆನಪು ಬಂದೇ ಬರುತ್ತದೆ. ಕಳ್ಳಸಾಗಣೆಯ ಕಾಲದಲ್ಲಿ ದಂಡೆಯಿಂದ ಗುಡ್ಡದ ತುದಿವರೆಗೆ ಸಾಮಾನು ಮನೆಯಿಂದ ಮನೆಗೆ, ಬೆಳಕು ಕಾಣದೆ ಹೋಗುತ್ತಿತ್ತು ಅಂತ ಊರವರು ಹೇಳುತ್ತಾರೆ.

ರಜೆಯಲ್ಲೂ ಕಡಲು ನೋಡಲು ಯಾಕೆ ಹೋದರು ಅಂತ ಬರೆದಿದ್ದೀರಿ. ನಾನೂ ಹೋಗುತ್ತಿದ್ದೆ. ಬೇರೆ ಬಣ್ಣದ ಕಡಲು ಅದು, ಬೂದಿ ಬಣ್ಣ, ತಣ್ಣಗೆ ಕೊರೆಯುತ್ತದೆ. ಆದರೆ ಕಣ್ಣು ಮುಚ್ಚಿದರೆ ಸದ್ದು ನಮ್ಮದೇ.

ಉಡುಪಿ ಅಂಚೆಚೀಟಿ ಬರೆದದ್ದು:

ಬೆಂದೂರಿನ ಅಕ್ಕ ಚೆನ್ನಾಗಿ ಬರೆದಿದ್ದಾರೆ. ನಾನು ಅಂಚೆ ಇಲಾಖೆಯಲ್ಲಿ ಇದ್ದು ನಿವೃತ್ತಿ ಆದವನು, ಕಾರ್ಡು ಕೂಡಿಸುವ ಹುಚ್ಚು ನಲವತ್ತು ವರ್ಷದ್ದು. ಕಾರ್ಡಿನ ಬಗ್ಗೆ ನಾನು ಹೇಳುತ್ತೇನೆ.

ಮೊದಲು ಇಡುವ ವಿಚಾರ. ಲ್ಯಾಮಿನೇಷನ್ ಮಾತ್ರ ಮಾಡಿಸಬೇಡಿ. ಸೆಲೋ ಟೇಪ್ ಹಚ್ಚಬೇಡಿ. ಅಂಟಿಸುವ ಆಲ್ಬಮ್ ಬೇಡ. ಪಾಲಿಯೆಸ್ಟರ್ ಲಕೋಟೆಯಲ್ಲಿ ಒಂದೊಂದೇ ಹಾಕಿ, ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಮಳೆಗಾಲದಲ್ಲಿ ಪೊಟ್ಟಣ ಬದಲಿಸುತ್ತಾ ಇರಿ. ಗೋಡೆಗೆ ತಾಗಿದ ಕಪಾಟು ಬೇಡ, ನಮ್ಮ ಕಡೆ ಗೋಡೆಯೇ ನೀರು ಕುಡಿಯುತ್ತದೆ. 600 ಡಿಪಿಐಗೆ ಸ್ಕ್ಯಾನ್ ಮಾಡಿಸಿ, ಎರಡೂ ಬದಿ. ಎರಡೂ ಬದಿ ಅಂತ ಮತ್ತೆ ಹೇಳುತ್ತೇನೆ, ಎಲ್ಲರೂ ಚಿತ್ರದ ಬದಿ ಮಾತ್ರ ಮಾಡಿಸುತ್ತಾರೆ.

ಇನ್ನು ಕಾಲ ಹೇಗೆ ಗೊತ್ತು ಮಾಡುವುದು. ಬ್ರಿಟನ್ನಿನಲ್ಲಿ ಖಾಸಗಿಯವರು ಅಚ್ಚು ಹಾಕಿದ ಕಾರ್ಡಿಗೆ ಅಂಚೆಯಲ್ಲಿ ಅವಕಾಶ ಸಿಕ್ಕಿದ್ದು 1894ರಲ್ಲಿ. ಆಗ ಹಿಂಬದಿ ಪೂರಾ ವಿಳಾಸಕ್ಕೇ, ಮಾತೇನಿದ್ದರೂ ಚಿತ್ರದ ಬದಿಯ ಅಂಚಿನಲ್ಲಿ ತುರುಕಬೇಕು. 1902ರಲ್ಲಿ ಹಿಂಬದಿಯನ್ನು ಎರಡು ಭಾಗ ಮಾಡಲು ಬಿಟ್ಟರು, ಎಡಕ್ಕೆ ಮಾತು, ಬಲಕ್ಕೆ ವಿಳಾಸ. ಅಲ್ಲಿಂದ ಚಿತ್ರಕ್ಕೆ ಒಂದು ಬದಿ ಪೂರಾ ಸಿಕ್ಕಿತು, ಕಾರ್ಡಿನ ಹುಚ್ಚು ಹಿಡಿದದ್ದು ಆಗಲೇ. 1918ರವರೆಗೆ ಅರ್ಧ ಪೆನ್ನಿ ಚೀಟಿ ಸಾಕಿತ್ತು. ನಿಮ್ಮ ಡನಿಚ್ ಕಾರ್ಡಿಗೆ ಚೀಟಿ ಇದ್ದರೆ ಯಾವ ರಾಜನ ತಲೆ ಇದೆ ನೋಡಿ, 1910ರವರೆಗೆ ಗಡ್ಡದ ಎಡ್ವರ್ಡ್, ಆಮೇಲೆ ಐದನೇ ಜಾರ್ಜ್.

ಕಾರ್ಡಿನ ಮೂಲೆಯಲ್ಲಿ ಫ್ರಿತ್ ಅಂತ ಹೆಸರೂ ಒಂದು ಅಂಕಿಯೂ ಇದ್ದರೆ ಜೋಪಾನ. ಫ್ರಾನ್ಸಿಸ್ ಫ್ರಿತ್ ಅಂತ ಒಬ್ಬರು, 1822ರಲ್ಲಿ ಹುಟ್ಟಿದವರು, ಈಜಿಪ್ಟಿಗೆಲ್ಲ ಹೋಗಿ ಫೋಟೋ ತೆಗೆದು ಬಂದು, ಬ್ರಿಟನ್ನಿನ ಊರೂರಿನ ಚಿತ್ರ ತೆಗೆಯಲು ಹೊರಟರು. ಅವರು 1898ರಲ್ಲಿ ತೀರಿಕೊಂಡ ಮೇಲೂ ಕಂಪನಿ 1971ರವರೆಗೆ ನಡೆಯಿತು. ಸಣ್ಣ ಸಣ್ಣ ಹಳ್ಳಿಗೂ ಹೋಗಿ, ಕೆಲವು ವರ್ಷ ಬಿಟ್ಟು ಮತ್ತೆ ಹೋಗಿ, ಅದೇ ಮೂಲೆಯಲ್ಲಿ ನಿಂತು ತೆಗೆಯುತ್ತಿದ್ದರು. ಅದರಿಂದಾಗಿ ಒಂದೇ ಬೀದಿಯನ್ನು ಕುದುರೆಗಾಡಿಯ ಕಾಲದಿಂದ ಕಾರಿನ ಕಾಲದವರೆಗೆ ನೋಡಬಹುದು. ನನಗೆ ಇದರಲ್ಲಿ ಹೊಟ್ಟೆ ಉರಿಯುವುದೂ ಇದೆ. ನಮ್ಮ ಮಲ್ಪೆಗೆ, ಕಾಪುವಿಗೆ, ಗಂಗೊಳ್ಳಿಗೆ ಹಾಗೆ ಯಾರು ಹೋದರು? ಕಾಪುವಿನ ದೀಪಸ್ತಂಭ 1901ರದ್ದು. ಅದರ ಚಿತ್ರಗಳು ಸಿಗುತ್ತವೆ. ಅದರ ಬುಡದಲ್ಲಿ ಬಲೆ ಎಳೆಯುತ್ತಿದ್ದ ಜನರ ಹಳೇ ಚಿತ್ರ ಒಂದು ನನಗೆ ಇವತ್ತಿನವರೆಗೆ ಸಿಕ್ಕಿಲ್ಲ. ವಿಟ್ಬಿ ಅನ್ನುವ ಊರಿನಲ್ಲಿ ಫ್ರಾಂಕ್ ಸಟ್‌ಕ್ಲಿಫ್ ಅಂತ ಫೋಟೋಗ್ರಾಫರ್ ಇದ್ದರು, 1853ರಿಂದ 1941. ಅವರು ಮೀನುಗಾರರನ್ನು, ಮೀನು ಹೊರುವ ಹೆಂಗಸರನ್ನು, ನೀರಿನಲ್ಲಿ ಆಡುವ ಮಕ್ಕಳನ್ನು ತೆಗೆದರು. ಆ ಮುಖಗಳನ್ನು ನೋಡಿದರೆ ನಮ್ಮ ಮೊಗವೀರ ಅಜ್ಜಿಯಂದಿರ ಹಾಗೇ ಕಾಣುತ್ತಾರೆ, ಅದೇ ಗಟ್ಟಿ ಕೈ.

ಡನಿಚ್ ಬಗ್ಗೆ. ಅದು ಸಫೋಕ್ ಕರಾವಳಿಯಲ್ಲಿ ದೊಡ್ಡ ಬಂದರು ಆಗಿತ್ತು. 1286ರ ತೂಫಾನಿನಿಂದ ಶುರುವಾಗಿ ಊರು ಕಡಲಿಗೆ ಹೋಗುತ್ತಾ ಹೋಯಿತು. ಬಂದರು ಹೂತುಹೋಯಿತು, ವ್ಯಾಪಾರ ಹೋಯಿತು. ಆದರೂ 1832ರವರೆಗೆ ಆ ಕೆಲವೇ ಮನೆಗಳ ಊರಿಗೆ ಪಾರ್ಲಿಮೆಂಟಿನಲ್ಲಿ ಇಬ್ಬರು ಸದಸ್ಯರು. ನಿಮ್ಮ ಕಾರ್ಡಿನ ಇಗರ್ಜಿ ಆಲ್ ಸೇಂಟ್ಸ್. 1904ರಿಂದ 1919ರ ಒಳಗೆ ಸ್ವಲ್ಪ ಸ್ವಲ್ಪವಾಗಿ ಬಿತ್ತು. ಹೀಗೆ ಬೀಳುತ್ತಿದ್ದಷ್ಟು ಕಾಲವೂ ಕಾರ್ಡು ಅಚ್ಚಾಗುತ್ತಲೇ ಇತ್ತು. ಒಂದರಲ್ಲಿ ಗೋಪುರ ಪೂರಾ ಇದೆ, ಇನ್ನೊಂದರಲ್ಲಿ ಅರ್ಧ, ಮತ್ತೊಂದರಲ್ಲಿ ಒಂದು ಕಂಬ. ನಿಮ್ಮದರಲ್ಲಿ ಎಷ್ಟು ಉಳಿದಿದೆ ಅಂತ ನೋಡಿದರೆ ವರ್ಷ ಹತ್ತಿರ ಹತ್ತಿರ ಹೇಳಬಹುದು. ಕಡಲೊಳಗಿನಿಂದ ಗಂಟೆ ಕೇಳುತ್ತದೆ ಅಂತ ಅಲ್ಲಿಯವರು ಈಗಲೂ ಹೇಳುತ್ತಾರೆ.

ಹಿಂಬದಿಯ ಫೋಟೋ ಹಾಕಿ. ಕಾಯುತ್ತೇನೆ.

ಸುರತ್ಕಲ್ ಕಲ್ಲುಮಣ್ಣು ಬರೆದದ್ದು:

ಯಾಕೆ ತುದಿಯಲ್ಲಿ ಕಟ್ಟಿದರು ಅಂತ ಕೇಳಿದಿರಿ. ಕಟ್ಟುವಾಗ ಅದು ತುದಿ ಆಗಿರಲಿಲ್ಲ. ಅಷ್ಟೇ ಉತ್ತರ. ಬರ್ಲಿಂಗ್ ಗ್ಯಾಪ್ ಮನೆಗಳನ್ನು 1878ರಲ್ಲಿ ಕಡಲ ಕಾವಲಿನವರಿಗೆ ಕಟ್ಟಿದ್ದು. ಎದುರಿಗೆ ಬೇಕಾದಷ್ಟು ನೆಲ ಇತ್ತು. ಸೀಮೆಸುಣ್ಣದ ಕಲ್ಲು ಮೆತ್ತಗೆ, ಚಳಿಗಾಲದಲ್ಲಿ ಹೋಳು ಹೋಳಾಗಿ ಬೀಳುತ್ತದೆ. ಈಗ ಅಂಚಿಗೆ ಬಂದ ಮನೆಯನ್ನು ಒಂದೊಂದಾಗಿ ಕೆಡವುತ್ತಾ ಬಂದಿದ್ದಾರೆ, ಸಾಲು ಗಿಡ್ಡ ಆಗುತ್ತಿದೆ. ನಿಮ್ಮ ಕಾರ್ಡಿನಲ್ಲಿ ಎಷ್ಟು ಮನೆ ಇದೆ ಎಣಿಸಿ, ಅದೇ ಒಂದು ದಾಖಲೆ. ಅಲ್ಲೇ ಹತ್ತಿರ ಬೆಲ್ ಟೌಟ್ ಅನ್ನುವ ಹಳೇ ದೀಪಸ್ತಂಭ. 1902ರಲ್ಲಿ ಅದರ ಕೆಲಸ ಮುಗಿಯಿತು, ಯಾರೋ ಮನೆ ಮಾಡಿಕೊಂಡಿದ್ದರು. 1999ರಲ್ಲಿ 850 ಟನ್ ತೂಕದ ಆ ಕಟ್ಟಡವನ್ನು ಒಡೆಯದೆ, ಕೆಳಗೆ ತೊಲೆ ಹಾಕಿ, ಜಾಕ್‌ನಿಂದ ತಳ್ಳಿ 17 ಮೀಟರ್ ಹಿಂದಕ್ಕೆ ಸರಿಸಿದರು.

ಸಾಲ್ಟ್‌ಬರ್ನ್ ಗಾಡಿ ನನಗೆ ತುಂಬ ಇಷ್ಟ. 1884ರದ್ದು, ಇನ್ನೂ ಓಡುತ್ತಿದೆ. ನೀರಿನ ತೂಕದಲ್ಲಿ ನಡೆಯುವುದು. ಎರಡು ಗಾಡಿ ಒಂದು ಹಗ್ಗಕ್ಕೆ, ಎರಡಕ್ಕೂ ಕೆಳಗೆ ಟಾಂಕಿ. ಮೇಲಿನ ಗಾಡಿಗೆ ನೀರು ತುಂಬಿದರೆ ಅದು ಭಾರವಾಗಿ ಇಳಿಯುತ್ತದೆ, ಕೆಳಗಿನದ್ದನ್ನು ಮೇಲೆಳೆಯುತ್ತದೆ. ಕೆಳಗೆ ಬಂದ ಮೇಲೆ ನೀರು ಬಿಟ್ಟು, ಪಂಪಿನಲ್ಲಿ ಮೇಲಕ್ಕೆ ಕಳಿಸುತ್ತಾರೆ. ಬಾವಿಯ ಎರಡು ಕೊಡದ ಲೆಕ್ಕ.

ಆದರೆ ಕಡಲು ನೆಲ ತಿನ್ನುವ ಉಳ್ಳಾಲದ ಕಡೆಯವರಾಗಿ ನೀವು ತಿಳಿಯಲೇಬೇಕಾದ ಊರು ಬೇರೆ ಇದೆ, ಡೆವನ್‌ನ ಹಾಲ್‌ಸ್ಯಾಂಡ್ಸ್. ಮೀನುಗಾರರ ಊರು, 37 ಮನೆ, 1891ರಲ್ಲಿ 159 ಜನ. ದರೆಗೂ ಕಡಲಿಗೂ ನಡುವೆ ಗಟ್ಟಿ ಜಲ್ಲಿಯ ದಂಡೆ, ಅದೇ ಅವರ ಗೋಡೆ. 1897ರಲ್ಲಿ ಪ್ಲಿಮತ್‌ನಲ್ಲಿ ನೌಕಾಪಡೆಯ ಹಡಗು ನಿಲ್ಲಿಸುವ ಧಕ್ಕೆ ದೊಡ್ಡದು ಮಾಡಲು ಆ ಜಲ್ಲಿ ಬೇಕಾಯಿತು. ಊರಿನ ಎದುರಿಂದಲೇ ತೋಡಿದರು. ಲಕ್ಷಗಟ್ಟಲೆ ಟನ್. ಕಡಲು ಮತ್ತೆ ಜಲ್ಲಿ ತಂದು ತುಂಬುತ್ತದೆ ಅಂತ ಅವರ ಲೆಕ್ಕ. ತುಂಬಲಿಲ್ಲ, ಯಾಕೆಂದರೆ ಅದು ಸಾವಿರಾರು ವರ್ಷದ ಹಳೇ ಜಲ್ಲಿ, ಹೊಸದಾಗಿ ಬರುವಂಥದ್ದಲ್ಲ. ದಂಡೆ ಇಳಿಯುತ್ತಾ ಬಂತು. ಮೀನುಗಾರರು ಜಗಳ ಮಾಡಿದರು, 1902ರಲ್ಲಿ ತೋಡುವುದು ನಿಂತಿತು, ಅಷ್ಟು ಹೊತ್ತಿಗೆ ಆಗುವುದು ಆಗಿತ್ತು. 1917ರ ಜನವರಿ 26ರ ರಾತ್ರಿ ಮೂಡಣ ಗಾಳಿ, ದೊಡ್ಡ ಭರತ ಎರಡೂ ಒಟ್ಟಿಗೆ ಬಂದವು. ಒಂದು ಮನೆ ಬಿಟ್ಟು ಬೇರೆ ಯಾವುದೂ ಬದುಕಲು ಯೋಗ್ಯ ಉಳಿಯಲಿಲ್ಲ. ಜೀವ ಒಂದೂ ಹೋಗಲಿಲ್ಲ. ಆ ಉಳಿದ ಒಂದು ಮನೆಯಲ್ಲಿ ಎಲಿಜಬೆತ್ ಪ್ರೆಟಿಜಾನ್ ಅನ್ನುವವರು 1964ರವರೆಗೆ ಒಬ್ಬರೇ ಇದ್ದರು.

ನಾನು ಇದನ್ನು ಓದಿದಾಗೆಲ್ಲ ಹೊಳೆಯ ಮರಳು ತುಂಬಿದ ಲಾರಿಗಳು ಕಣ್ಣಿಗೆ ಬರುತ್ತವೆ. ನಮ್ಮ ದಂಡೆಗೆ ಮರಳು ತರುವುದೇ ಹೊಳೆಗಳು. ಅಲ್ಲಿ ತೆಗೆದಷ್ಟು ಇಲ್ಲಿ ಕಮ್ಮಿ. ಕಲ್ಲು ಹಾಕಿದರೆ ಆಯಿತಲ್ಲ ಅನ್ನುವವರಿಗೆ ಮ್ಯಾಪಲ್‌ಟನ್ ತೋರಿಸುತ್ತೇನೆ. ಅಕ್ಕ ಹೇಳಿದ ಹೋಲ್ಡರ್‌ನೆಸ್‌ನಲ್ಲೇ ಇರುವ ಸಣ್ಣ ಊರು. 1991ರಲ್ಲಿ ಕಡಲೊಳಗೆ ಎರಡು ಕಲ್ಲಿನ ಒಡ್ಡು ಹಾಕಿದರು. ಊರೂ ರಸ್ತೆಯೂ ಉಳಿಯಿತು. ಮರಳು ಅಲ್ಲೇ ತಡೆದು ನಿಂತ ಕಾರಣ ಅದರ ತೆಂಕು ಬದಿಯ ಹೊಲಗಳು ಮೊದಲಿಗಿಂತ ಬೇಗ ಹೋದವು. ಒಂದು ಊರಿಗೆ ಒಡ್ಡು ಹಾಕುವಾಗ ಪಕ್ಕದ ಊರನ್ನೂ ಸೇರಿಸಿ ಲೆಕ್ಕ ಹಾಕಬೇಕು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಕೊಡಿಯಾಲ್‌ಬೈಲಿನಿಂದ ಬರೆದದ್ದು:

ಒಂದು ಸಣ್ಣ ಸೇರ್ಪಡೆ. ಕಾರ್ಡುಗಳಲ್ಲಿ ಬ್ರೈಟನ್ ಇದ್ದರೆ ನಮ್ಮ ದೇಶದ ಸಂಬಂಧವೂ ನೆನಪಿಡಿ. ಕಡಲಲ್ಲಿ ಮುಳುಗಿದರೆ ರೋಗ ವಾಸಿ ಅಂತ 1750ರ ದಶಕದಲ್ಲಿ ರಿಚರ್ಡ್ ರಸೆಲ್ ಅನ್ನುವ ವೈದ್ಯರು ಹೇಳಿದ ಮೇಲೆ ಆ ಮೀನುಗಾರರ ಊರಿಗೆ ಜನ ಬರಲು ಶುರುವಾಯಿತು. ಕುದುರೆ ಎಳೆಯುವ ಗಾಲಿ ಗುಡಿಸಲಿನಲ್ಲಿ ಕೂತು ನೀರಿಗಿಳಿಯುತ್ತಿದ್ದರು. ನಾವು ಆಟಿ ಅಮಾವಾಸ್ಯೆಗೆ ಸೋಮೇಶ್ವರದಲ್ಲಿ ಮುಳುಗುತ್ತೇವೆ, ಅವರು ವೈದ್ಯರ ಮಾತಿಗೆ ಮುಳುಗಿದರು. ಅಲ್ಲಿ ಪಟ್ನಾ ಮೂಲದ ದೀನ್ ಮಹಮ್ಮದ್ ಸ್ನಾನಗೃಹ ಇಟ್ಟು ಚಂಪಿ, ಅಂದರೆ ಮಾಲೀಶು, ಮಾಡಿ ಹೆಸರು ಮಾಡಿದರು. ಶಾಂಪೂ ಅನ್ನುವ ಮಾತು ಬಂದದ್ದೇ ಚಂಪಿಯಿಂದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ನಮ್ಮ ಸಿಪಾಯಿಗಳಿಗೆ ಬ್ರೈಟನ್ನಿನ ಅರಮನೆಯೇ ಆಸ್ಪತ್ರೆ ಆಗಿತ್ತು. ತೀರಿಹೋದ 53 ಹಿಂದೂ, ಸಿಖ್ ಸಿಪಾಯಿಗಳನ್ನು ಊರ ಹೊರಗಿನ ಗುಡ್ಡದ ಮೇಲೆ ಸುಟ್ಟರು. ಆ ಜಾಗದಲ್ಲಿ 1921ರಲ್ಲಿ ಬಿಳಿ ಕಲ್ಲಿನ ಛತ್ರಿ ಕಟ್ಟಿದ್ದಾರೆ. ನನ್ನ ಮಗಳು ಅಲ್ಲಿ ಓದುವಾಗ ಹೋಗಿ ಹೂವಿಟ್ಟು ಬಂದೆವು. ಸುತ್ತ ಕುರಿ ಮೇಯುತ್ತವೆ, ದೂರದಲ್ಲಿ ಕಡಲು.

ಮೊಗವೀರಪಟ್ಣದವ ಬರೆದದ್ದು:

ಎಲ್ಲರಿಗೂ ಕೈ ಮುಗಿಯುತ್ತೇನೆ. ಇಷ್ಟು ನಿರೀಕ್ಷೆ ಮಾಡಿರಲಿಲ್ಲ. ಬರ್ಲಿಂಗ್ ಗ್ಯಾಪ್ ಮನೆ ಎಣಿಸಿದೆ, ಕಾರ್ಡಿನ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದಿಟ್ಟೆ. ಪಿಯರ್ ಬಾಗಿಲಿನ ಕಾರ್ಡೂ ಇದೆ ಅಕ್ಕ, ನಾನು ಕೋಟೆ ಅಂತಲೇ ತಿಳಿದಿದ್ದೆ.

ಅಂಚೆಚೀಟಿ ಸರ್ ಹೇಳಿದ್ದಕ್ಕೆ ಹಿಂಬದಿ ನೋಡಿದೆ. ಇಷ್ಟು ದಿನ ಸರಿಯಾಗಿ ನೋಡಿರಲಿಲ್ಲ. 23ರಲ್ಲಿ 9 ಕಾರ್ಡು ಅಂಚೆಯಲ್ಲಿ ಬಂದವು, ಅಮ್ಮನ ಹೆಸರಿಗೆ. ವಿಳಾಸ ಇಂಗ್ಲಿಷಿನಲ್ಲಿ, ಯಾರ ಹತ್ತಿರವೋ ಬರೆಸಿದ್ದು. ಕೊನೆಗೆ ಸೌತ್ ಕೆನರಾ, ಮೈಸೂರು ಸ್ಟೇಟ್ ಅಂತ ಇದೆ. ಮಾತು ಕನ್ನಡದಲ್ಲಿ, ಅಪ್ಪನದ್ದೇ ಅಕ್ಷರ. ವಿದರ್ನ್‌ಸೀ ಕಾರ್ಡಿನಲ್ಲಿ 1963 ಅಂತ ತಾರೀಕಿದೆ. ಹೀಗೆ ಬರೆದಿದ್ದಾರೆ:

ಇವತ್ತು ರಜೆ. ರೈಲಿನಲ್ಲಿ ಈ ಊರಿಗೆ ಬಂದೆ. ಇಲ್ಲಿಯೂ ಕಡಲು ನೆಲ ತಿನ್ನುತ್ತದಂತೆ. ಪಡು ಬದಿಯ ತೆಂಗಿನ ಮರದ ಬುಡಕ್ಕೆ ಕಲ್ಲು ಹಾಕಿಸು. ಬಾವಿ ನೀರು ಉಪ್ಪಾಯಿತೋ ತಿಳಿಸು. ಮಗುವಿಗೆ ಕೆಮ್ಮು ಹೇಗಿದೆ.

ಕೆಮ್ಮಿದ ಮಗು ನನ್ನ ಅಕ್ಕ. ಇಡೀ ಕಾರ್ಡಿನಲ್ಲಿ ದೀಪಸ್ತಂಭದ ಬಗ್ಗೆ ಒಂದು ಮಾತಿಲ್ಲ.

ಆ ವಿಳಾಸದ ಮನೆ ಈಗ ಇಲ್ಲ. ನಾನು ಹುಟ್ಟಿದ್ದೂ ಅದೇ ಮನೆಯಲ್ಲಿ. ಮೊದಲು ಆ ತೆಂಗಿನ ಮರ ವಾಲಿತು, ಬಾವಿ ಉಪ್ಪಾಯಿತು, ಆಮೇಲೆ ಒಂದು ಮಳೆಗಾಲ ಚಾವಡಿಯ ಗೋಡೆ ಹೋಯಿತು. 1996ರಲ್ಲಿ ಹಂಚು ಇಳಿಸಿ, ಪಕ್ಕಾಸು ಬಿಚ್ಚಿ, ಲಾರಿಗೆ ಹಾಕಿಕೊಂಡು ಬಂದೆವು. ಈಗ ಆ ಜಾಗದಲ್ಲಿ ಕಪ್ಪು ಬಂಡೆಗಲ್ಲು ಸುರಿದಿದ್ದಾರೆ, ಅದರ ಆಚೆಗೆ ಎಲ್ಲೋ ನಮ್ಮ ಅಂಗಳ. ಅಪ್ಪ ಅಷ್ಟು ದೂರದ ಊರುಗಳ ಚಿತ್ರ ಕೂಡಿಸಿ ಇಟ್ಟರು. ನಮ್ಮ ಮನೆಯ ಒಂದು ಫೋಟೋ ನಮ್ಮ ಹತ್ತಿರ ಇಲ್ಲ. ಅಮ್ಮನಿಗೆ 84 ವರ್ಷ. ಕಾರ್ಡು ಓದಿ ಹೇಳಿದಾಗ, ಕಲ್ಲು ಹಾಕಿಸಿದ್ದೆ ಅಂತ ಬರೆ, ಅಂದರು.

ಉಡುಪಿ ಅಂಚೆಚೀಟಿ ಬರೆದದ್ದು:

ಮೈಸೂರು ಸ್ಟೇಟ್ ಅಂತ ಇದೆ, ಪಿನ್‌ಕೋಡ್ ಇಲ್ಲ. ಪಿನ್‌ಕೋಡ್ ಬಂದದ್ದು 1972ರಲ್ಲಿ, ಕರ್ನಾಟಕ ಅಂತ ಹೆಸರು ಆದದ್ದು 1973ರಲ್ಲಿ. ತಾರೀಕು ಅಳಿಸಿಹೋದ ಕಾರ್ಡಿದ್ದರೆ ಇದರಿಂದಲೂ ಅಂದಾಜು ಮಾಡಬಹುದು. ಆ 9 ಕಾರ್ಡನ್ನು ಬೇರೆ ಲಕೋಟೆಯಲ್ಲಿ ಇಡಿ. ಅಪ್ಪನ ಅಕ್ಷರದ ಮೇಲೆ ದಯವಿಟ್ಟು ಪೆನ್ನು ತಿದ್ದಬೇಡಿ, ಮಾಸಿದೆ ಅಂತ ತುಂಬ ಜನ ತಿದ್ದುತ್ತಾರೆ.

ಮತ್ತೆ, ನಾರ್ಫೋಕ್‌ನ ಹೇಸ್‌ಬರದಲ್ಲಿ 2013ರಲ್ಲಿ ದಂಡೆ ಸವೆದು 8 ಲಕ್ಷ ವರ್ಷಕ್ಕೂ ಹಳೆಯ ಮನುಷ್ಯರ ಹೆಜ್ಜೆ ಗುರುತು ಹೊರಗೆ ಬಂತು, ದೊಡ್ಡವರದ್ದೂ ಮಕ್ಕಳದ್ದೂ. ಎರಡು ವಾರದೊಳಗೆ ಅಲೆ ಅಳಿಸಿಬಿಟ್ಟಿತು. ಅಷ್ಟರಲ್ಲಿ ಓಡಿಹೋಗಿ ತೆಗೆದ ಫೋಟೋಗಳು ಇದ್ದುದರಿಂದ ಅದು ಉಳಿಯಿತು. ನಿಮ್ಮ ಮನೆಯ ಫೋಟೋ ನೆರೆಯವರ ಹತ್ತಿರ ಕೇಳಿ ನೋಡಿದಿರಾ? ಮದುವೆ, ನಾಮಕರಣ, ಯಾವುದರಲ್ಲಾದರೂ ಹಿಂದೆ ಬಿದ್ದಿರುತ್ತದೆ.

ಉಳ್ಳಾಲ ಕೋಡಿ ಬರೆದದ್ದು:

ನಾನು ಇಲ್ಲಿ ಬರೆಯುವುದು ಕಮ್ಮಿ, ಓದುವುದೇ ಜಾಸ್ತಿ. ಅಣ್ಣ, ನಿಮ್ಮ ಮನೆಯ ಎದುರಿಗೆ ಸುತ್ತು ಕಟ್ಟೆಯ ಬಾವಿ, ಪಡು ಬದಿಯಲ್ಲಿ ಕಡಲಿನ ಕಡೆಗೆ ಬಾಗಿದ ತೆಂಗಿನ ಮರ, ಮರದ ಬುಡಕ್ಕೆ ಕೆಂಪು ಕಲ್ಲಿನ ಸುತ್ತು, ಹೌದಾ? ನಿಮ್ಮ ಅಪ್ಪ ಶಿಪ್ಪಿನ ಭಂಡಾರಿ ಅಂತ ಓದಿದಾಗಲೇ ಸಂಶಯ ಬಂತು, ಕಲ್ಲಿನ ಮಾತು ಓದಿ ಅಮ್ಮನ ಹತ್ತಿರ ಕೇಳಿದೆ.

ನನ್ನ ಅಮ್ಮನ ಮದುವೆ 1984ರಲ್ಲಿ. ಅಜ್ಜನ ಮನೆ ನಿಮ್ಮ ಮನೆಯಿಂದ ಎರಡು ಮನೆ ಆಚೆ, ಅದೂ ಈಗಿಲ್ಲ. ದಿಬ್ಬಣ ಹೊರಡುವಾಗ ತೆಗೆದ ಒಂದು ಫೋಟೋ ಇದೆ. ಎದುರಿಗೆ ಅಮ್ಮ, ದೊಡ್ಡಮ್ಮ, ಕೊಡೆ ಹಿಡಿದ ಮಾವ. ಅವರ ಹಿಂದೆ ಬಲಕ್ಕೆ ಹಂಚಿನ ಮನೆ, ಬಾವಿ, ಆ ಮರ. ಬಾಗಿಲಲ್ಲಿ ಒಬ್ಬರು ಹೆಂಗಸು ಮಗುವನ್ನು ಎತ್ತಿಕೊಂಡು ನಿಂತಿದ್ದಾರೆ. ಅವರು ನಿಮ್ಮ ಅಮ್ಮ ಅಂತ ನನ್ನ ಅಮ್ಮ ಹೇಳುತ್ತಾರೆ. ಫೋಟೋದ ಮೂಲೆ ಸ್ವಲ್ಪ ತೇವಕ್ಕೆ ಹೋಗಿದೆ, ಮನೆ ಇರುವ ಬದಿ ಚೆನ್ನಾಗಿದೆ.

ಇಲ್ಲಿ ಹಾಕುವುದು ಬೇಡ ಅಂತ ಅಮ್ಮ. ನೀವೇ ಬನ್ನಿ. ಆದಿತ್ಯವಾರ ನಾವು ಮನೆಯಲ್ಲಿ ಇರುತ್ತೇವೆ.

ಮೊಗವೀರಪಟ್ಣದವ ಬರೆದದ್ದು:

ಹೌದು ತಂಗಿ, ಕೆಂಪು ಕಲ್ಲಿನ ಸುತ್ತು. ಅದರ ಮೇಲೆ ಕೂತು ನಾನು ಶಾಲೆಯ ಪಾಠ ಓದಿದ್ದೇನೆ. ಬಾಗಿಲಲ್ಲಿರುವ ಮಗು ನಾನೇ ಇರಬೇಕು, ನಾನು 1983ರವನು.

ಆದಿತ್ಯವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತೇವೆ. ಅಮ್ಮನೂ ಬರುತ್ತಾರಂತೆ, ಈಗಲೇ ಸೀರೆ ತೆಗೆದಿಟ್ಟಿದ್ದಾರೆ. ಮೆಟ್ಟಿಲು ಜಾಸ್ತಿ ಇದ್ದರೆ ಮೊದಲೇ ಹೇಳಿ, ಅವರಿಗೆ ಮೊಣಕಾಲು ನೋವು. ಸ್ಕ್ಯಾನರ್ ನಾನೇ ತರುತ್ತೇನೆ, ಫೋಟೋ ನಿಮ್ಮ ಮನೆಯಿಂದ ಹೊರಗೆ ಹೋಗುವುದು ಬೇಡ. ವಿದರ್ನ್‌ಸೀ ಕಾರ್ಡೂ ತರುತ್ತೇನೆ.